ಇಬ್ಬರು ಗಂಡುಮಕ್ಕಳ ಮನೆ: ಹೆಬ್ಬೆಯ ತಪ್ಪಲಿನಿಂದ ಕಡೂರಿನ ಬಯಲಿನವರೆಗೆ

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಈ ಗಾದೆಯನ್ನು ಕೇಳದೆ ದೊಡ್ಡವರಾದ ಗಂಡುಮಕ್ಕಳು ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ಐದು ವರ್ಷದವನೂ ಮೂರು ವರ್ಷದವನೂ ಚಕ್ರ ಕಳಚಿದ ಒಂದು ಟ್ರ್ಯಾಕ್ಟರ್ ಬೊಂಬೆಗಾಗಿ ಕಿತ್ತಾಡುವಾಗ ಜಗಲಿಯಲ್ಲಿ ಕೂತ ಹಿರಿಯರು ಯಾರಾದರೂ ಅದನ್ನು ಹೇಳಿಯೇ ತೀರುತ್ತಾರೆ. ಮಕ್ಕಳ ಇವತ್ತಿನ ಜಗಳದಲ್ಲಿ ಅವರಿಗೆ ಮುಂದೊಂದು ದಿನದ ತೋಟದ ಪಾಲು ಕಾಣುತ್ತಿರುತ್ತದೆ. ಗಾದೆ ನಿಜವೇ? ಚುರುಕಾದ ಇಬ್ಬರು ಪುಟ್ಟ ಗಂಡುಮಕ್ಕಳಿರುವ ಮನೆಯೊಳಗೆ ದಿನವೂ ನಡೆಯುವುದೇನು? ಆ ಗಲಾಟೆಯ ಭಾರ ಯಾರ ಮೇಲೆ ಬೀಳುತ್ತದೆ? ಇದು ಗಂಭೀರವಾಗಿ ನೋಡಬೇಕಾದ ವಿಷಯ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಮಕ್ಕಳ ಪಾಲನೆ ಕುರಿತು ಕನ್ನಡದಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ನಗರದ ಫ್ಲ್ಯಾಟುಗಳಲ್ಲಿರುವ ಒಂಟಿ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ತೋಟದ ಮನೆಯ ಇಬ್ಬರು ಹುಡುಗರ ಲೋಕವೇ ಬೇರೆ.

ಹೆಬ್ಬೆ ಎಂದರೆ ಹೊರಗಿನವರಿಗೆ ಜಲಪಾತ. ಕೆಮ್ಮಣ್ಣುಗುಂಡಿಯ ಕೆಳಗೆ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ, ದೊಡ್ಡ ಹೆಬ್ಬೆ ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ ಧುಮುಕುವ ನೀರು. ಜೀಪಿನಲ್ಲಿ ಬಂದು ನೋಡಿ ಹೋಗುವವರ ಕಣ್ಣಿಗೆ ಈ ಸುತ್ತಿನಲ್ಲಿ ಮಕ್ಕಳನ್ನು ಸಾಕುವ ಮನೆಗಳು ಬೀಳುವುದು ಕಡಿಮೆ. ಗುಡ್ಡದಿಂದ ಲಿಂಗದಹಳ್ಳಿಗೆ ಇಳಿದು ತರೀಕೆರೆ ದಾಟಿ ಅಜ್ಜಂಪುರ, ಕಡೂರಿನ ಕಡೆ ಹೊರಟರೆ ಅರ್ಧ ದಿನದೊಳಗೆ ಕಾಫಿ ಹೋಗಿ ಅಡಿಕೆ, ಅಡಿಕೆ ಹೋಗಿ ತೆಂಗು, ಆಮೇಲೆ ಈರುಳ್ಳಿ ರಾಗಿಯ ಬಯಲು ಬರುತ್ತದೆ. ನೆಲದ ಜೊತೆಗೆ ಬಾಲ್ಯವೂ ಬದಲಾಗುತ್ತದೆ. ಗುಡ್ಡದ ಕಡೆಯದು ಒಂಟಿಮನೆ. ಪಕ್ಕದ ಮನೆ ಎಂದರೆ ತೋಟದಾಚೆ, ಹಳ್ಳದಾಚೆ. ಮಳೆಗಾಲದಲ್ಲಂತೂ ಅಣ್ಣನಿಗೆ ತಮ್ಮ, ತಮ್ಮನಿಗೆ ಅಣ್ಣ, ಅಷ್ಟೇ. ಬೇರೆ ಜೊತೆಗಾರ ಇಲ್ಲದ ಕಾರಣಕ್ಕೆ ಅವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಬ್ಬರಿಗೊಬ್ಬರು ಅಂಟಿಕೊಂಡಿರುತ್ತಾರೆ, ಅದೇ ಕಾರಣಕ್ಕೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಜಗಳವನ್ನೂ ಆಡುತ್ತಾರೆ. ಬಯಲುಸೀಮೆಯ ಕೇರಿಯಲ್ಲಿ ಹಾಗಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳು, ಬೀದಿಯ ತುಂಬ ಮಕ್ಕಳು. ಅಣ್ಣನಾದವನು ಬೇಸರವಾದರೆ ತಮ್ಮನನ್ನು ಬಿಟ್ಟು ಓರಗೆಯವರ ಜೊತೆ ಗೋಲಿಗೆ ಓಡಬಹುದು. ಅಲ್ಲಿ ಜಗಳದ ವಿಷಯ ಬೊಂಬೆಯಲ್ಲ, ‘ನನ್ನನ್ನೂ ಕರ್ಕೊಂಡ್ ಹೋಗು’ ಎಂಬ ತಮ್ಮನ ರಚ್ಚೆ.

ಎರಡು ಕಡೆಗೂ ಸಮಾನವಾದ ಒಂದು ಆಟವಿದೆ, ಅಡಿಕೆ ಹಾಳೆಯದು. ಬಿದ್ದ ಹಾಳೆಯ ಅಗಲದ ಬುಡದ ಮೇಲೆ ಒಬ್ಬ ಕೂರಬೇಕು, ಸೋಗೆಯನ್ನು ಹಿಡಿದು ಇನ್ನೊಬ್ಬ ಎಳೆಯಬೇಕು. ಇಬ್ಬರು ಅಣ್ಣತಮ್ಮಂದಿರಿಗಾಗಿಯೇ ಹುಟ್ಟಿದಂಥ ಆಟ. ಕೂರುವವನಿಗೆ ಸುಖ, ಎಳೆಯುವವನಿಗೆ ಬೆವರು. ಹಾಗಾಗಿ ಸರದಿ ಬರಲೇಬೇಕು. ಸರದಿ ತಪ್ಪಿದರೆ ಆಟ ನಿಲ್ಲುತ್ತದೆ, ಅಮ್ಮ ಬಂದು ಏನು ಹೇಳಿದರೂ ಮತ್ತೆ ಶುರುವಾಗುವುದಿಲ್ಲ. ಅಣ್ಣನಿಗೆ ಬಲ ಹೆಚ್ಚು, ಅವನು ಎಳೆದರೆ ವೇಗ. ತಮ್ಮ ಎಳೆದರೆ ಹಾಳೆ ಅಲುಗುವುದೂ ಕಷ್ಟ. ಆಗ ಅಣ್ಣ ಇಳಿಜಾರು ಹುಡುಕುತ್ತಾನೆ, ಕಾಲಿನಿಂದ ನೆಲವನ್ನು ಒದ್ದು ಸಹಾಯ ಮಾಡುತ್ತಾನೆ. ಇಬ್ಬರ ಬಲ ಸಮವಿಲ್ಲದಾಗಲೂ ಆಟ ಸಮವಾಗಿ ನಡೆಯುವ ಉಪಾಯವನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಸಂಶೋಧಕರು ಈ ಕಡೆ ಕಣ್ಣು ಹಾಯಿಸಿದ್ದು ತಡವಾಗಿ. ತಾಯಿ ಮತ್ತು ಮಗುವಿನ ಸಂಬಂಧದ ಮೇಲೆ ರಾಶಿ ಪುಸ್ತಕಗಳು ಬಂದ ಮೇಲೆ, ಇಂಗ್ಲೆಂಡಿನ ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ ಕೇಂಬ್ರಿಜ್‌ನ 40 ಕುಟುಂಬಗಳ ಮನೆಗಳಿಗೇ ಹೋಗಿ ಕೂತು, ಎರಡನೆಯ ಮಗು ಹುಟ್ಟುವ ಮುಂಚಿನಿಂದ ಮೊದಲನೆಯದರ ನಡವಳಿಕೆಯನ್ನು ಗಮನಿಸಿದರು. 1982ರಲ್ಲಿ ಪುಸ್ತಕವಾಗಿ ಬಂದ ಆ ಅಧ್ಯಯನದಲ್ಲಿ ನನಗೆ ಅತ್ಯಂತ ಉಪಯುಕ್ತ ಎನ್ನಿಸಿದ್ದು ಒಂದು ಸಣ್ಣ ಸಂಗತಿ. ಕೂಸನ್ನು ಮುಟ್ಟಬೇಡ, ಸದ್ದು ಮಾಡಬೇಡ ಎಂದು ಗದರುವುದರ ಬದಲು, ‘ಪಾಪು ಯಾಕೆ ಅಳ್ತಿದೆ ಹೇಳು, ಹಸಿವಾಗಿರಬಹುದಾ?’ ಎಂದು ದೊಡ್ಡ ಮಗುವಿನ ಜೊತೆ ಕೂಸಿನ ಬಗ್ಗೆ ಮಾತಾಡಿದ ತಾಯಂದಿರ ಮನೆಗಳಲ್ಲಿ, ವರ್ಷದ ಮೇಲೆ ನೋಡಿದಾಗ, ಇಬ್ಬರ ನಡುವೆ ಸ್ನೇಹ ಹೆಚ್ಚಿತ್ತು. ನಮ್ಮ ಅಜ್ಜಿಯರು ತೊಟ್ಟಿಲ ಪಕ್ಕದಲ್ಲಿ ದೊಡ್ಡವನನ್ನು ಕೂರಿಸಿಕೊಂಡು ‘ನೋಡೋ, ನಿನ್ನ ತಮ್ಮ ನಿನ್ನನ್ನೇ ನೋಡ್ತಾವ್ನೆ’ ಎನ್ನುತ್ತಿದ್ದುದೂ ಇದೇ ಕೆಲಸ.

ಜಗಳದ ಲೆಕ್ಕವೂ ಆಗಿದೆ. ಕೆನಡಾದ ಒಂಟಾರಿಯೊದಲ್ಲಿ ಹಿಲ್ಡಿ ರಾಸ್ ಮತ್ತು ಸಂಗಡಿಗರು ಎರಡು ಮತ್ತು ನಾಲ್ಕು ವರ್ಷದ ಒಡಹುಟ್ಟಿದವರನ್ನು ಮನೆಯಲ್ಲೇ ಗಮನಿಸಿದಾಗ ಗಂಟೆಗೆ ಸರಾಸರಿ ಆರಕ್ಕೂ ಹೆಚ್ಚು ಜಗಳ ಕಂಡವು. ಅಂದರೆ ಹತ್ತು ನಿಮಿಷಕ್ಕೊಂದು. ಈ ಸಂಖ್ಯೆಯನ್ನು ಓದಿದಾಗ, ತಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದು ನೊಂದುಕೊಳ್ಳುವ ತಾಯಂದಿರಿಗೆ ಇದನ್ನು ಯಾರಾದರೂ ಹೇಳಬೇಕಲ್ಲ ಎನ್ನಿಸಿತು. ಜಗಳದ ಬಹುಪಾಲು ವಸ್ತುವಿನ ಮೇಲೆ: ಯಾರದು, ಯಾರ ಕೈಯಲ್ಲಿತ್ತು, ಯಾರ ಸರದಿ. ಮಕ್ಕಳ ಮಟ್ಟಿಗೆ ಇವು ನ್ಯಾಯದ ಪ್ರಶ್ನೆಗಳು. ‘ಅವನೇ ಮೊದ್ಲು’ ಎಂಬುದು ಚಾಡಿಯಂತೆ ಕೇಳಿದರೂ ಅದೊಂದು ವಾದ, ಅದಕ್ಕೊಂದು ಸಾಕ್ಷ್ಯ ಬೇಕು ಎಂಬ ಅರಿವು ಅದರ ಹಿಂದೆ ಇರುತ್ತದೆ.

ಎಲ್ಲ ಗುದ್ದಾಟವೂ ಜಗಳವಲ್ಲ ಎಂಬುದನ್ನೂ ಗಮನಿಸಬೇಕು. ಹುಡುಗರು ಹೊರಳಾಡಿ ಕುಸ್ತಿ ಮಾಡುವಾಗ ಮುಖದಲ್ಲಿ ನಗುವಿದ್ದರೆ, ಕೈ ಬಿಚ್ಚಿದ್ದರೆ, ಬಲವಾದವನು ಬೇಕೆಂದೇ ಒಮ್ಮೆ ಕೆಳಗೆ ಬಿದ್ದರೆ, ಮುಗಿದ ಮೇಲೂ ಇಬ್ಬರೂ ಒಟ್ಟಿಗೇ ಉಳಿದರೆ ಅದು ಆಟ. ಮುಷ್ಟಿ ಬಿಗಿದಿದ್ದರೆ, ಮುಖ ಗಂಟಿಕ್ಕಿದ್ದರೆ, ಒಬ್ಬ ತಪ್ಪಿಸಿಕೊಳ್ಳಲು ನೋಡುತ್ತಿದ್ದರೆ ಅದು ಹೊಡೆದಾಟ. ಮೊದಲನೆಯದನ್ನು ದಿನವೂ ನಿಲ್ಲಿಸುತ್ತಾ ಹೋದರೆ ಎಲ್ಲಿಗೆ ನಿಲ್ಲಿಸಬೇಕು ಎಂಬ ಅಳತೆ ಮಕ್ಕಳಿಗೆ ಸಿಗುವುದಿಲ್ಲ. ಎರಡನೆಯದನ್ನು ‘ಗಂಡುಮಕ್ಕಳು ಅಂದ್ಮೇಲೆ ಹಾಗೇ’ ಎಂದು ಬಿಟ್ಟರೆ ಚಿಕ್ಕವನು ಪೆಟ್ಟು ತಿನ್ನುತ್ತಾನೆ, ದೊಡ್ಡವನು ಪೆಟ್ಟು ಕೊಡುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ‘ಗಂಡುಮಕ್ಕಳು ಅಂದ್ಮೇಲೆ ಹಾಗೇ’ ಎಂಬ ಮಾತು ನಮ್ಮ ಮನೆಗಳಲ್ಲಿ ಮಾಡಿರುವ ಹಾನಿ ಸಣ್ಣದಲ್ಲ.

ಇನ್ನೊಂದು ಮಾತು ಅದಕ್ಕಿಂತ ಹೆಚ್ಚು ಓಡಾಡುತ್ತದೆ: ‘ನೀನು ದೊಡ್ಡೋನಲ್ವೇನೋ, ಬಿಟ್ಕೊಡು.’ ಕೆಲಸದ ಅವಸರದಲ್ಲಿ ಸುಲಭಕ್ಕೆ ಸಿಗುವ ತೀರ್ಪು ಇದು. ಐದು ವರ್ಷದವನು ತಮ್ಮ ಹುಟ್ಟಿದ ದಿನವೇ ದೊಡ್ಡವನಾಗಿಬಿಡುತ್ತಾನೆ, ಆಮೇಲೆ ಅವನಿಗೆ ಚಿಕ್ಕವನಾಗುವ ಅವಕಾಶವೇ ಇಲ್ಲ. ತಮ್ಮನೂ ಅಷ್ಟೇ ಬೇಗ ಪಾಠ ಕಲಿಯುತ್ತಾನೆ. ಗಟ್ಟಿಯಾಗಿ ಅತ್ತರೆ ವಸ್ತು ಕೈಗೆ ಬರುತ್ತದೆ. ಒಂಟಾರಿಯೊದ ಅದೇ ತಂಡ ಇದಕ್ಕೊಂದು ಪರ್ಯಾಯವನ್ನೂ ಪರೀಕ್ಷಿಸಿತು. ತೀರ್ಪು ಕೊಡುವುದನ್ನು ಬಿಟ್ಟು, ಇಬ್ಬರ ಮಾತನ್ನೂ ಕೇಳಿ, ಒಬ್ಬನ ಮಾತನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸಿ, ಪರಿಹಾರವನ್ನು ಅವರಿಂದಲೇ ಹೊರಡಿಸುವಂತೆ ತಂದೆತಾಯಿಗಳಿಗೆ ತರಬೇತಿ ಕೊಟ್ಟರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳ ಮಕ್ಕಳು ತಮ್ಮತಮ್ಮಲ್ಲೇ ಮಾತಾಡಿ ಬಗೆಹರಿಸಿಕೊಳ್ಳುವುದು ಹೆಚ್ಚಾಯಿತು. ಅವರು ಐದರಿಂದ ಹತ್ತು ವರ್ಷದ ಮಕ್ಕಳು ಎಂಬುದು ನೆನಪಿರಲಿ. ಎರಡು ವರ್ಷದವನ ಹತ್ತಿರ ಸಂಧಾನ ನಡೆಯುವುದಿಲ್ಲ, ಅವನನ್ನು ಎತ್ತಿಕೊಂಡು ಆಚೆ ಹೋಗುವುದೇ ದಾರಿ.

ಆದರೆ ಇಬ್ಬರ ಮಾತನ್ನೂ ಕೇಳಲು ಪುರುಸೊತ್ತು ಯಾರಿಗಿದೆ? ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನಾನು ನಂಬುತ್ತೇನೆ. ಮಕ್ಕಳ ಚೇಷ್ಟೆ ಹೆಚ್ಚಾಗಿಲ್ಲ, ಮಕ್ಕಳನ್ನು ನೋಡುವ ಕೈ ಕಡಿಮೆಯಾಗಿವೆ. ಹಿಂದೆ ಅಜ್ಜಿ, ಅತ್ತೆ, ಚಿಕ್ಕಮ್ಮ, ಮದುವೆಯಾಗದ ಸೋದರಮಾವ ಎಂದು ಮನೆಯಲ್ಲಿ ಯಾರಾದರೂ ಇರುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ ದೊಡ್ಡ ಮಕ್ಕಳೇ ಚಿಕ್ಕವರನ್ನು ಸಾಕುತ್ತಿದ್ದರು. ಥಾಮಸ್ ವೈಸ್ನರ್ ಮತ್ತು ರೊನಾಲ್ಡ್ ಗ್ಯಾಲಿಮೋರ್ 1977ರಲ್ಲಿ ತೋರಿಸಿದಂತೆ ಜಗತ್ತಿನ ಹೆಚ್ಚಿನ ಕೃಷಿ ಸಮಾಜಗಳಲ್ಲಿ ಇದೇ ವಾಡಿಕೆ. ಸೊಂಟದ ಮೇಲೆ ತಮ್ಮನನ್ನು ಹೊತ್ತು ತಿರುಗುವ ಎಂಟು ವರ್ಷದ ಅಕ್ಕ ನಮ್ಮ ಕಾಫಿ ತೋಟದ ಲೈನುಗಳಲ್ಲಿ ಸಾಮಾನ್ಯ ನೋಟವಾಗಿದ್ದಳು. ಅವಳ ಶಾಲೆ ಅಲ್ಲಿಗೇ ನಿಂತು ಹೋಗುತ್ತಿತ್ತು ಎಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ನನ್ನಿಂದ ಆಗದು. ಅವಳು ಶಾಲೆಗೆ ಹೋದದ್ದು ಒಳ್ಳೆಯದಾಯಿತು. ಅವಳು ಖಾಲಿ ಮಾಡಿದ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ ಎಂಬುದೇ ತೊಡಕು.

ಸಂಖ್ಯೆಗಳೂ ಅದನ್ನೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 2005-06ರಲ್ಲಿ 2.1 ಇದ್ದದ್ದು 2019-21ರ ಹೊತ್ತಿಗೆ 1.7ಕ್ಕೆ ಇಳಿದಿದೆ. ಎರಡು ಮಕ್ಕಳ ಮನೆಯೇ ಈಗ ವಾಡಿಕೆಯ ಮನೆ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬುದು ನಮ್ಮ ಜನರ ಬಾಯಲ್ಲಿ ನಿಂತುಹೋದ ಮಾತು. ಆ ಚೌಕಟ್ಟಿನಲ್ಲಿ ಇಬ್ಬರು ಗಂಡುಮಕ್ಕಳ ತಾಯಿಗೆ ಒಂದು ವಿಚಿತ್ರ ಸ್ಥಾನ. ಒಂದೆಡೆ ಅದೃಷ್ಟವಂತೆ ಎನ್ನುತ್ತಾರೆ, ಇನ್ನೊಂದೆಡೆ ಮದುವೆ ಮನೆಯಲ್ಲಿ ‘ಒಂದು ಹೆಣ್ಣು ಬೇಕಿತ್ತು ಕಣಮ್ಮ, ನಿನಗೆ ಕೈಗೆ ಆಗ್ತಿತ್ತು’ ಎಂದು ಮರುಕ ಪಡುತ್ತಾರೆ. ಆ ಮರುಕದ ಒಳಗಿರುವ ಲೆಕ್ಕಾಚಾರವನ್ನು ಬಿಡಿಸಿ ನೋಡಬೇಕು. ಹೆಣ್ಣು ಮಗುವಿದ್ದರೆ ಕೆಲಸ ಹಂಚಿಕೊಳ್ಳುತ್ತಿತ್ತು, ಗಂಡುಮಕ್ಕಳಿಂದ ಆ ನಿರೀಕ್ಷೆಯೇ ಇಲ್ಲ.

ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆಗೆ ಮಹಿಳೆಯರದು 134 ನಿಮಿಷ, ಗಂಡಸರದು 76. ಗಂಡಸರಲ್ಲಿ ಮನೆಗೆಲಸಕ್ಕೆ ಕೈಹಾಕುವವರೇ ಸುಮಾರು ಕಾಲು ಭಾಗ. ತರೀಕೆರೆ ಕಡೆಯ ಅಡಿಕೆ ಸುಗ್ಗಿಯಲ್ಲಿ ಈ ಅಂಕಿಗಳು ಹೇಗೆ ಮೈತಳೆಯುತ್ತವೆ ಎಂದು ನೋಡಬೇಕು. ಕೊಯ್ಲು ಶುರುವಾದರೆ ಹಗಲು ಸುಲಿತ, ಸಂಜೆ ಬೇಯಿಸುವುದು, ಬೆಳಿಗ್ಗೆ ಅಂಗಳದಲ್ಲಿ ಹರವುವುದು. ಮನೆಯವರಿಗೆಲ್ಲ ಕೆಲಸ. ಕೊಯ್ಲಿನವರಿಗೆ, ಸುಲಿಯುವವರಿಗೆ ಕಾಫಿ ತಿಂಡಿ ಅಮ್ಮನದೇ. ಮಕ್ಕಳು ಓಡಾಡುವ ಅಂಗಳದ ತುಂಬ ಅಡಿಕೆ, ಒಂದು ಮೂಲೆಯಲ್ಲಿ ಕುದಿಯುವ ಹಂಡೆ, ಮೆಟ್ಟುಗತ್ತಿಗಳ ಸಾಲು. ಮೂರು ತಿಂಗಳು ಆ ಮನೆಯಲ್ಲಿ ‘ಅಲ್ಲಿ ಹೋಗಬೇಡ, ಅದನ್ನ ಮುಟ್ಟಬೇಡ’ ಬಿಟ್ಟರೆ ಮಕ್ಕಳಿಗೆ ಬೇರೆ ಮಾತು ಕೇಳಿಸುವುದಿಲ್ಲ. ಹುಡುಗರ ಕಿತಾಪತಿ ಹೆಚ್ಚುವುದೂ ಆಗಲೇ. ಅದಕ್ಕೆ ಕಾರಣ ಮಕ್ಕಳ ಸ್ವಭಾವದಲ್ಲಿದೆ ಎಂದು ಹೇಳುವವರು ಆ ಅಂಗಳವನ್ನು ಒಮ್ಮೆ ನೋಡಿ ಬರಬೇಕು.

ಅಪಾಯದ ಮಾತು ಬಂದಿರುವುದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಗಮನ ಸಣ್ಣ ಜಗಳಗಳ ಮೇಲೆ ಹರಿದು ಹೋಗುತ್ತದೆ, ನಿಜವಾದ ಗಂಡಾಂತರ ಬೇರೆಡೆ ಇರುತ್ತದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ಬೆಳೆ ಉಳಿಸಿದ ಹೊಂಡಗಳು ಅವು, ಅದರಲ್ಲಿ ಅನುಮಾನವಿಲ್ಲ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಈಜು ಬಲ್ಲವರಿಗೂ ಹತ್ತಲಾಗದಷ್ಟು ಜಾರುತ್ತದೆ. ತಮ್ಮ ಜಾರಿದರೆ ಅಣ್ಣ ಕೈಕೊಡಲು ಹೋಗುತ್ತಾನೆ, ಅಣ್ಣತಮ್ಮಂದಿರ ಪ್ರೀತಿಯೇ ಅಲ್ಲಿ ಇಬ್ಬರಿಗೂ ಕುತ್ತಾಗುತ್ತದೆ. ಹೊಂಡಕ್ಕೆ ಬೇಲಿ, ಒಳಗೆ ಇಳಿಬಿಟ್ಟ ಗಂಟುಹಗ್ಗ, ದಡದಲ್ಲಿ ಗಾಳಿ ತುಂಬಿದ ಹಳೆ ಟ್ಯೂಬು ಇಷ್ಟಾದರೂ ಇರಬೇಕು. ಕೊಟ್ಟಿಗೆಯ ಅಟ್ಟದ ಮೇಲಿನ ಕೀಟನಾಶಕ, ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಟ್ಟ ಕಳೆನಾಶಕ ಇವುಗಳಿಗೆ ಬೀಗ ಬೇಕು. ಬೊಂಬೆಯ ಜಗಳಕ್ಕೆ ಅಡುಗೆಮನೆಯಿಂದ ಓಡಿಬರುವುದು ಒಂದೆರಡು ಸಲ ತಪ್ಪಿದರೂ ನಡೆಯುತ್ತದೆ, ಇದು ತಪ್ಪುವಂತಿಲ್ಲ.

ಜಾಗದ ಪ್ರಶ್ನೆಗೆ ಬರೋಣ. ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿದ ಬಳಿಕ, ಕಾಡಿನ ಒಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ಹೊತ್ತಿಗೆ ಹೊರಗೆ ಬಂದವು. ಬಹಳಷ್ಟು ಮಂದಿ ನೆಲೆಸಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಕೃತಿ ಕಾರಂತ ಈ ಸ್ಥಳಾಂತರವನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ದೇಶದ ಇತರ ಕಡೆಯ ಸ್ಥಳಾಂತರಗಳಿಗೆ ಹೋಲಿಸಿದರೆ ಇದು ಮೇಲಾಗಿ ನಡೆದದ್ದು ಎಂಬುದು ಸಾಮಾನ್ಯ ಅಭಿಪ್ರಾಯ. ಶಾಲೆ, ರಸ್ತೆ, ವಿದ್ಯುತ್ತು, ಆಸ್ಪತ್ರೆ ಹತ್ತಿರವಾದವು. ಮಳೆಗಾಲದಲ್ಲಿ ಜ್ವರ ಬಂದ ಕೂಸನ್ನು ಹೊತ್ತು ಕಾಡುದಾರಿಯಲ್ಲಿ ನಡೆದ ತಾಯಿಗೆ ಇದರ ಬೆಲೆ ಗೊತ್ತು. ಅಂದು ಅಲ್ಲಿಗೆ ಬಂದ ಪುಟ್ಟ ಹುಡುಗರು ಇಂದು ತಾವೇ ತಂದೆಯಾಗುವ ವಯಸ್ಸಿನವರು. ಹಳ್ಳ, ಮರ, ದನ ಮೇಯಿಸುವ ಬ್ಯಾಣ ಇವೆಲ್ಲ ಇದ್ದ ಬಾಲ್ಯದಿಂದ ಸಾಲುಮನೆ, ನೇರ ರಸ್ತೆಗಳ ಬಾಲ್ಯಕ್ಕೆ ಒಂದೇ ತಲೆಮಾರಿನಲ್ಲಿ ಸೀಮೆ ದಾಟಿದೆ. ಕಾಡಂಚಿನಲ್ಲೇ ಉಳಿದ ಮನೆಗಳಲ್ಲೂ ಆನೆಯ ಭಯಕ್ಕೆ ಕತ್ತಲಾಗುವ ಮುಂಚೆ ಮಕ್ಕಳನ್ನು ಒಳಗೆ ಕರೆಯಬೇಕು. ಒಳಗೆ ಕರೆದ ಮೇಲೆ ಮೊಬೈಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನವರಿಗೆ ಕೊಟ್ಟ ಮಾರ್ಗಸೂಚಿಯಂತೆ ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಪರದೆಯ ಮುಂದೆ ಒಂದು ಗಂಟೆ ಮೀರಬಾರದು. ಮೊಬೈಲು ಒಂದು, ಹುಡುಗರು ಇಬ್ಬರು ಎಂದಾಗ ಅದು ಜಗಳವನ್ನು ನಿಲ್ಲಿಸುವುದೂ ಇಲ್ಲ. ಹಾಳೆ ಎಳೆಯುವ ಆಟದಂತೆ ಅದರಲ್ಲಿ ಇನ್ನೊಬ್ಬ ಬೇಕೇ ಬೇಕು ಎಂಬ ಕಟ್ಟುಪಾಡಿಲ್ಲ.

ಇದೇ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಮೈಸೂರಿನ ಮನೆ ‘ಉದಯರವಿ’ಯಲ್ಲೂ ಇಬ್ಬರು ಹುಡುಗರಿದ್ದರು, ಪೂರ್ಣಚಂದ್ರ ತೇಜಸ್ವಿ ಮತ್ತು ಕೋಕಿಲೋದಯ ಚೈತ್ರ. ತಂದೆಯನ್ನು ಅಣ್ಣ ಎಂದು ಕರೆಯುತ್ತಿದ್ದ ತೇಜಸ್ವಿ 1996ರ ‘ಅಣ್ಣನ ನೆನಪು’ ಪುಸ್ತಕದಲ್ಲಿ ಆ ಮನೆಯ ಬಾಲ್ಯವನ್ನು ಬರೆದಿದ್ದಾರೆ. ಮಕ್ಕಳ ಪಾಲನೆಯ ಕೈಪಿಡಿಯೆಂದು ಯಾರೂ ಅದನ್ನು ಓದುವುದಿಲ್ಲ. ನನಗೆ ಮಾತ್ರ ಕನ್ನಡದಲ್ಲಿ ಆ ವಿಷಯದ ಮೇಲೆ ಬಂದ ಅತ್ಯುತ್ತಮ ಪುಸ್ತಕಗಳಲ್ಲಿ ಅದೂ ಒಂದು. ಹುಡುಗರ ಕುತೂಹಲಕ್ಕೆ, ತಪ್ಪು ಮಾಡುವುದಕ್ಕೆ ಜಾಗವಿದ್ದ ಮನೆ ಅದರಲ್ಲಿ ಕಾಣುತ್ತದೆ. ಅಂಥ ಮನೆ ಎಲ್ಲರಿಗೂ ಸಿಗುವುದಿಲ್ಲ ಎಂಬುದೂ ನಿಜ.

ಗಾದೆಗೆ ಮರಳೋಣ. ಚಿಕ್ಕಂದಿನ ಗುದ್ದಾಟವೇ ದೊಡ್ಡವರಾದ ಮೇಲೆ ಮೊಕದ್ದಮೆಯಾಗುತ್ತದೆಯೇ? ತಾಲ್ಲೂಕು ಕೋರ್ಟುಗಳಲ್ಲಿ ಅಣ್ಣತಮ್ಮಂದಿರು ಎದುರುಬದುರು ನಿಲ್ಲುವುದು ಬೋರ್‌ವೆಲ್ ಯಾರ ಪಾಲಿಗೆ, ತೋಟಕ್ಕೆ ಹೋಗುವ ದಾರಿ ಯಾರದು, ಅಕ್ಕತಂಗಿಯರ ಹಕ್ಕಿಗೆ ಏನು ಮಾಡುವುದು ಎಂಬ ಪ್ರಶ್ನೆಗಳ ಮೇಲೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, 2005ರಲ್ಲಿ ದೇಶವೂ ತಂದಿತು. ಹಿಡುವಳಿ ಕಿರಿದಾಗುತ್ತಾ, ನೀರು ಇಳಿಯುತ್ತಾ ಹೋದಂತೆ ಪಾಲು ಕಷ್ಟವಾಗುತ್ತದೆ. ಅದರ ಬೇರು ಆಸ್ತಿಯಲ್ಲಿದೆ. ಬಾಲ್ಯದಿಂದ ಏನಾದರೂ ಅಲ್ಲಿಗೆ ಹೋಗಿ ಸೇರಿದ್ದರೆ, ಅದು ಜಗಳಕ್ಕಿಂತ ಹೆಚ್ಚಾಗಿ ಹೋಲಿಕೆ. ‘ತಮ್ಮನ್ನ ನೋಡಿ ಕಲಿ’, ‘ನಿಮ್ಮಣ್ಣನಷ್ಟು ಮಾರ್ಕ್ಸ್ ನಿನಗೆ ಯಾಕಿಲ್ಲ’ ಎಂದು ನೆಂಟರೆದುರು ಆಡಿದ ಮಾತುಗಳು ನಲವತ್ತು ವರ್ಷವಾದರೂ ಮರೆಯುವುದಿಲ್ಲ. ಪಾಲಿನ ಪಂಚಾಯಿತಿಯಲ್ಲಿ ಅವು ಹೊರಗೆ ಬರುತ್ತವೆ.

ಕೆಲವು ಮನೆತನಗಳಲ್ಲಿ ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆಯಬೇಕು ಎಂಬ ಪದ್ಧತಿಯಿದೆ. ಬಹಳ ವಿವೇಕದ ಪದ್ಧತಿ. ಅದಕ್ಕೆ ತೋಟದ ಪಾಲಿನವರೆಗೆ ಕಾಯಬೇಕಾಗಿಲ್ಲ. ಮಾವಿನ ಹಣ್ಣನ್ನು ಅಣ್ಣ ಹೋಳು ಮಾಡಲಿ, ತಮ್ಮ ಮೊದಲು ಆರಿಸಿಕೊಳ್ಳಲಿ, ನಾಳೆ ತಮ್ಮ ಹೋಳು ಮಾಡಲಿ. ನಾಲ್ಕು ವರ್ಷದವನಿಗೂ ಇದು ಅರ್ಥವಾಗುತ್ತದೆ. ಮನೆಗೆಲಸವನ್ನೂ ಹೀಗೆಯೇ ಹಂಚಬಹುದು: ಒಬ್ಬ ತಟ್ಟೆ ಇಡುವುದು, ಇನ್ನೊಬ್ಬ ನೀರು ತುಂಬುವುದು, ಇಬ್ಬರೂ ಸೇರಿ ಬಟ್ಟೆ ಮಡಚುವುದು. ಹೆಣ್ಣು ಮಗುವಿದ್ದರೆ ಕೈಗೆ ಆಗುತ್ತಿತ್ತು ಎನ್ನುವವರಿಗೆ ಮನೆಯಲ್ಲಿ ಆಗಲೇ ನಾಲ್ಕು ಕೈಗಳಿವೆ ಎಂದು ತೋರಿಸಿಕೊಡಬೇಕು. ಅಪ್ಪನದೂ ಸೇರಿದರೆ ಆರು. ಅಪ್ಪ ಪಾತ್ರೆ ತೊಳೆಯದ ಮನೆಯಲ್ಲಿ ಹುಡುಗರಿಗೆ ಬಾಯಿಮಾತಿನ ಉಪದೇಶ ನಾಟುವುದಿಲ್ಲ.

ಮನೆಯೊಳಗೆ ಎಷ್ಟು ಮಾಡಿದರೂ ಸಂಜೆಯ ಹೊತ್ತು ಉಳಿಯುತ್ತದೆ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿ ಇದೆ. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಎಳೆಮಕ್ಕಳಿಗಾಗಿ 2023ರ ರಾಜ್ಯ ಬಜೆಟ್ಟಿನಲ್ಲಿ 4,000 ‘ಕೂಸಿನ ಮನೆ’ಗಳ ಘೋಷಣೆಯಾಯಿತು. ಎರಡೂ ಹಗಲಿನವು. ಶಾಲೆ ಬಿಟ್ಟ ಮೇಲಿನಿಂದ ತೋಟದ ಕೆಲಸ ಮುಗಿಯುವವರೆಗಿನ ಎರಡು ಮೂರು ಗಂಟೆ ಯಾರ ಲೆಕ್ಕಕ್ಕೂ ಬಂದಿಲ್ಲ. ಆ ಹೊತ್ತಿಗೆ ಬೇಕಾದುದೆಲ್ಲ ಬಹುಪಾಲು ಹಳ್ಳಿಗಳಲ್ಲಿ ಆಗಲೇ ಇದೆ. ಸರ್ಕಾರಿ ಶಾಲೆಯ ಮೈದಾನವಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ, 2020ರಲ್ಲಿ ‘ಓದುವ ಬೆಳಕು’ ಶುರುವಾದಾಗಿನಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮೈದಾನದ ಗೇಟಿಗೆ ಸಂಜೆ ಬೀಗ ಹಾಕದೆ, ಸ್ತ್ರೀಶಕ್ತಿ ಸಂಘದ ಒಬ್ಬರಿಗೆ ಗೌರವಧನ ಕೊಟ್ಟು ಅಲ್ಲಿ ಕೂರಿಸಿದರೆ, ಅಣ್ಣತಮ್ಮಂದಿರ ಕುಸ್ತಿಗೆ ಬೇರೆ ಜೋಡಿಗಳೂ ಸಿಗುತ್ತವೆ, ಅಮ್ಮನಿಗೆ ಒಂದು ಲೋಟ ಕಾಫಿಯನ್ನು ಕೂತು ಕುಡಿಯಲು ಸಮಯವೂ ಸಿಗುತ್ತದೆ. ಲಿಂಗದಹಳ್ಳಿಯಿಂದ ಕಡೂರಿನವರೆಗೆ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂಬ ನಿಯಮವಿದೆ. ಮೈದಾನದ ಬೀಗದ ಕೈಯನ್ನು ಮಕ್ಕಳೇ ಆ ಸಭೆಯಲ್ಲಿ ಕೇಳಬಹುದು, ಅವರ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಪಂಚಾಯಿತಿಯ ಕರ್ತವ್ಯ.